ಇಪ್ಪತ್ತೆಂಟು ಬಾಹುಗಳ ಊರು

ಪ್ರೌಢಶಾಲೆಯ ರೇಖಾಗಣಿತದಲ್ಲಿ ಬಹುಭುಜಾಕೃತಿಗಳ ಪಾಠ ಷಡ್ಭುಜಕ್ಕೋ ಅಷ್ಟಭುಜಕ್ಕೋ ಬಂದು ನಿಂತುಬಿಡುತ್ತದೆ. 28 ಬಾಹುಗಳ ಆಕೃತಿಯನ್ನು ಯಾವ ಮೇಷ್ಟರೂ ಕರಿಹಲಗೆಯ ಮೇಲೆ ಬರೆಯಲು ಹೋಗುವುದಿಲ್ಲ. ಬರೆದರೆ ಸೀಮೆಸುಣ್ಣ ದಂಡ, ಪರೀಕ್ಷೆಗೂ ಬರುವುದಿಲ್ಲ. ಆದರೆ 1957ರಲ್ಲಿ ಅಮೆರಿಕದ ಅಲಬಾಮ ರಾಜ್ಯದ ಶಾಸನಸಭೆ ಇಂಥದೊಂದು ಆಕೃತಿಯನ್ನು ರಚಿಸಿತು. ಅದನ್ನು ಬರೆದದ್ದು ಟಸ್ಕೀಗಿ ಎಂಬ ಊರಿನ ಮೇಲೆ.

ಟಸ್ಕೀಗಿ ಎಂದೊಡನೆ ವಿಜ್ಞಾನದ ವಿದ್ಯಾರ್ಥಿಗಳಿಗೆ ನೆನಪಾಗಬೇಕಾದ ಹೆಸರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಗುಲಾಮಗಿರಿಯಲ್ಲಿ ಹುಟ್ಟಿ, ಮುಂದೆ ಕೃಷಿವಿಜ್ಞಾನಿಯಾಗಿ, ಹತ್ತಿ ಬೆಳೆದೂ ಬೆಳೆದೂ ಸಾರ ಕಳೆದುಕೊಂಡ ನೆಲಕ್ಕೆ ಕಡಲೆಕಾಯಿ ಹಾಕಿ ನೋಡಿ ಎಂದು ಬಡ ರೈತರಿಗೆ ತಿಳಿಯಹೇಳಿದವರು ಅವರು. 1896ರಿಂದ 1943ರಲ್ಲಿ ತೀರಿಕೊಳ್ಳುವವರೆಗೂ ಅವರು ಕೆಲಸ ಮಾಡಿದ್ದು ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ. ಕಪ್ಪು ಜನರ ಮಕ್ಕಳಿಗಾಗಿ 1881ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಬೂಕರ್ ಟಿ. ವಾಷಿಂಗ್ಟನ್. ಇದರ ಪಕ್ಕದಲ್ಲೇ, ಮೊದಲ ಮಹಾಯುದ್ಧದಿಂದ ಮರಳಿದ ಕಪ್ಪು ಸೈನಿಕರಿಗಾಗಿ 1923ರಲ್ಲಿ ತೆರೆದ ದೊಡ್ಡ ಸರ್ಕಾರಿ ಆಸ್ಪತ್ರೆ. ಹೀಗಾಗಿ ಆ ಊರಿನಲ್ಲಿ ಪ್ರಾಧ್ಯಾಪಕರು, ವೈದ್ಯರು, ದಾದಿಯರು ಎಂದು ಓದಿಕೊಂಡ ಕಪ್ಪು ಜನರ ಸಂಖ್ಯೆ ದಕ್ಷಿಣದ ಬೇರೆ ಊರುಗಳಿಗಿಂತ ಬಹಳ ಹೆಚ್ಚು. ಊರಿನಲ್ಲೂ ಸುತ್ತಲಿನ ಮೇಕನ್ ಕೌಂಟಿಯಲ್ಲೂ (ಕೌಂಟಿ ಎಂದರೆ ಹೆಚ್ಚು ಕಡಿಮೆ ಜಿಲ್ಲೆ ಎಂದಿಟ್ಟುಕೊಳ್ಳಬಹುದು) ಅವರದೇ ಬಹುಸಂಖ್ಯೆ. ಆದರೆ ಪುರಸಭೆ, ಪೊಲೀಸು, ಕಚೇರಿ ಎಲ್ಲವೂ ಬಿಳಿಯರ ಕೈಯಲ್ಲಿ.

ಜನಾಂಗದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಸಿಯುವಂತಿಲ್ಲ ಎಂದು ಅಮೆರಿಕದ ಸಂವಿಧಾನಕ್ಕೆ 15ನೇ ತಿದ್ದುಪಡಿ ಬಂದದ್ದು 1870ರಲ್ಲಿ. ಅದರ ಬಾಯಿ ಮುಚ್ಚಿಸುವ ಉಪಾಯಗಳು ಬೇಗನೆ ಹುಟ್ಟಿಕೊಂಡವು. ಅಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಾಗರಿಕನೇ ನೋಂದಣಿ ಮಂಡಳಿಯ ಮುಂದೆ ಹೋಗಿ ನಿಲ್ಲಬೇಕು. ಉದ್ದನೆಯ ಅರ್ಜಿಯಲ್ಲಿ ಒಂದು ಅಕ್ಷರ ತಪ್ಪಿದರೆ ತಿರಸ್ಕಾರ. ಸಂವಿಧಾನದ ಯಾವುದೋ ವಿಧಿಯ ಅರ್ಥ ಹೇಳು ಎಂಬ ಪ್ರಶ್ನೆ. ಉತ್ತರ ಸರಿಯೋ ತಪ್ಪೋ ತೀರ್ಮಾನಿಸುವವರು, ಪ್ರಶ್ನೆ ಕೇಳಿದವನಷ್ಟೂ ಓದಿರದ ಗುಮಾಸ್ತರು. ಕೆಲವೊಮ್ಮೆ ಮಂಡಳಿಯ ಸದಸ್ಯರು ರಾಜೀನಾಮೆ ಕೊಟ್ಟು ಹೋಗಿಬಿಡುತ್ತಿದ್ದರು; ಮಂಡಳಿಯೇ ಇಲ್ಲವೆಂದ ಮೇಲೆ ನೋಂದಣಿ ಎಲ್ಲಿಂದ ಬರಬೇಕು?

ಈ ಊರಿಗೆ 1928ರಲ್ಲಿ ಒಬ್ಬ ಮೇಷ್ಟರು ಬಂದರು. ಹೆಸರು ಚಾರ್ಲ್ಸ್ ಗೊಮಿಲಿಯನ್. ಸಮಾಜಶಾಸ್ತ್ರ ಕಲಿಸುತ್ತಿದ್ದ ಅವರು ಏರುದನಿಯ ಭಾಷಣಕಾರರಾಗಿರಲಿಲ್ಲ. ಸಹೋದ್ಯೋಗಿಗಳನ್ನು ಕೂಡಿಸಿಕೊಂಡು ಟಸ್ಕೀಗಿ ನಾಗರಿಕ ಸಂಘವನ್ನು ಕಟ್ಟಿ, ಜನರನ್ನು ಒಬ್ಬೊಬ್ಬರನ್ನಾಗಿ ನೋಂದಣಿ ಕಚೇರಿಗೆ ಕಳಿಸುವುದೇ ಅವರ ಚಳವಳಿ. ತಿರಸ್ಕಾರವಾದರೆ ಮತ್ತೊಂದು ಅರ್ಜಿ. ಅದೂ ಆಗದಿದ್ದರೆ ಇನ್ನೊಂದು. ಇಂಥ ಕೆಲಸಕ್ಕೆ ಹೂಮಾಲೆ ಬೀಳುವುದಿಲ್ಲ. ಆದರೂ 1950ರ ದಶಕದ ನಡುವಿನ ಹೊತ್ತಿಗೆ ಊರಿನ ಮತದಾರರ ಪಟ್ಟಿಯಲ್ಲಿ ಸುಮಾರು 400 ಕಪ್ಪು ಮತದಾರರು ಸೇರಿಕೊಂಡಿದ್ದರು. ಇನ್ನೊಂದೆರಡು ಚುನಾವಣೆ ಕಳೆದರೆ ಪುರಸಭೆಯ ಬಣ್ಣ ಬದಲಾಗುವ ಲಕ್ಷಣ ಕಂಡಿತು.

ಆಗ ಸ್ಯಾಮ್ ಎಂಗಲ್‌ಹಾರ್ಟ್ ಎಂಬ ರಾಜ್ಯ ಸೆನೆಟರ್ ಒಂದು ಮಸೂದೆ ತಂದರು. ಅದೇ ಸ್ಥಳೀಯ ಕಾಯಿದೆ 140. ಅದರಲ್ಲಿ ಜನಾಂಗದ ಮಾತಿಲ್ಲ, ಬಿಳಿ ಕಪ್ಪು ಎಂಬ ಪದವೇ ಇಲ್ಲ. ಇಲ್ಲಿಂದ ಇಷ್ಟು ಅಡಿ ಉತ್ತರಕ್ಕೆ, ಅಲ್ಲಿಂದ ಇಷ್ಟು ಅಡಿ ಪೂರ್ವಕ್ಕೆ ಎಂಬಂಥ ಸರ್ವೆ ಭಾಷೆ ಮಾತ್ರ. ಅದುವರೆಗೆ ಚೌಕಾಕಾರವಾಗಿದ್ದ ಊರಿನ ಎಲ್ಲೆ ಈ ಕಾಯಿದೆಯಿಂದ 28 ಬಾಹುಗಳ ಸೊಟ್ಟ ಆಕೃತಿಯಾಯಿತು. ಗೆರೆ ಬೀದಿ ಬೀದಿ ಹಿಡಿದು ಹೊರಳಿತು. ಬಿಳಿಯರ ಮನೆಗಳೆಲ್ಲ ಒಳಗೆ. ಕಪ್ಪು ಜನರ ಮನೆಗಳು, ಕಾರ್ವರ್ ಪಾಠ ಹೇಳಿದ ವಿದ್ಯಾಸಂಸ್ಥೆ ಎಲ್ಲ ಹೊರಗೆ. 400 ಮತದಾರರಲ್ಲಿ ಊರೊಳಗೆ ಉಳಿದವರು ನಾಲ್ಕೋ ಐದೋ ಮಂದಿ. ಹೊರಬಿದ್ದ ಬಿಳಿಯ ಮತದಾರ ಒಬ್ಬನೂ ಇಲ್ಲ. ಬೆಳಗಾಗುವುದರೊಳಗೆ ಜನ ಮನೆಯಿಂದ ಕದಲದೆಯೇ ಊರಿನಿಂದ ಹೊರಗಾಗಿದ್ದರು. ಪುರಸಭೆಯ ಚುನಾವಣೆಯಲ್ಲಿ ಮತವಿಲ್ಲ, ಊರಿನ ಪೊಲೀಸರ ರಕ್ಷಣೆಯ ಹಕ್ಕಿಲ್ಲ, ಬೀದಿ ರಿಪೇರಿಗೆ ಕೇಳುವಂತಿಲ್ಲ.

ಜನ ಎರಡು ದಾರಿ ಹಿಡಿದರು. ಮೊದಲನೆಯದು ಅಂಗಡಿ ಬೀದಿಯಲ್ಲಿ. ಅಲಬಾಮದಲ್ಲಿ ಬಹಿಷ್ಕಾರಕ್ಕೆ ಕರೆ ಕೊಡುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಸಂಘ ಬಹಿಷ್ಕಾರ ಎಂಬ ಶಬ್ದವನ್ನೇ ಬಳಸಲಿಲ್ಲ. ನಮ್ಮ ಸ್ನೇಹಿತರಲ್ಲಿ ವ್ಯಾಪಾರ ಮಾಡೋಣ ಎಂದಷ್ಟೇ ಹೇಳಿತು. ಯಾರು ಸ್ನೇಹಿತರಲ್ಲ ಎಂಬುದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಗಿರಾಕಿಗಳಿಲ್ಲದೆ ಪೇಟೆ ಬೀದಿ ಬಣಗುಟ್ಟಿತು. ಬಿಳಿಯರ ಹಲವು ಅಂಗಡಿಗಳು ಬಾಗಿಲು ಹಾಕಿದವು. ಎರಡನೆಯ ದಾರಿ ನ್ಯಾಯಾಲಯದ್ದು. ಗೊಮಿಲಿಯನ್ ಮತ್ತು ಜೊತೆಗಾರರ ವಕೀಲರು ಫ್ರೆಡ್ ಗ್ರೇ ಎಂಬ ತರುಣ. ಮಾಂಟ್‌ಗೊಮರಿಯ ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಪರವಾಗಿ ವಾದಿಸಿದ್ದವರೂ ಇವರೇ. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋಲಾಯಿತು. ಊರಿನ ಎಲ್ಲೆ ಗುರುತಿಸುವುದು ರಾಜ್ಯದ ಅಧಿಕಾರ, ಅದರಲ್ಲಿ ಕೈಹಾಕುವಂತಿಲ್ಲ ಎಂದು ಅವು ಹೇಳಿದವು.

ಸುಪ್ರೀಂ ಕೋರ್ಟಿನಲ್ಲಿ ಗ್ರೇ ದೊಡ್ಡದೊಂದು ನಕಾಶೆ ತೂಗುಹಾಕಿದರು. ಹಳೆಯ ಚೌಕ, ಅದರೊಳಗೆ ಹೊಸ ಸೊಟ್ಟ ಆಕೃತಿ. ಗ್ರೇ ನೆನಪಿಸಿಕೊಂಡಿರುವ ಪ್ರಕಾರ, ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಟಸ್ಕೀಗಿ ವಿದ್ಯಾಸಂಸ್ಥೆ ಎಲ್ಲಿದೆ ತೋರಿಸಿ ಎಂದು ಕೇಳಿದರು. ಅದು ಊರಿನ ಎಲ್ಲೆಯೊಳಗಿಲ್ಲ ಎಂಬ ಉತ್ತರ ಬಂತು. ಅಷ್ಟರಿಂದಲೇ ಅವರಿಗೆ ಮೊಕದ್ದಮೆ ಅರ್ಥವಾಗಿರಬೇಕು. ಚುನಾವಣಾ ಕ್ಷೇತ್ರಗಳ ಗೆರೆಯ ವಿಷಯ ರಾಜಕೀಯದ ಮುಳ್ಳುಪೊದೆ, ನ್ಯಾಯಾಲಯ ಅದರೊಳಗೆ ಕಾಲಿಡಬಾರದು ಎಂದು 1946ರಲ್ಲಿ ಬರೆದಿದ್ದ ನ್ಯಾಯಮೂರ್ತಿಯೇ ಇವರು. 1960ರ ನವೆಂಬರ್ 14ರಂದು ಹೊರಬಂದ ಟಸ್ಕೀಗಿಯ ತೀರ್ಪನ್ನು ಬರೆದವರೂ ಇವರೇ. ಕಾಯಿದೆ ಎಷ್ಟೇ ನಯವಾದ ಭಾಷೆಯಲ್ಲಿರಲಿ, ಅದರ ಪರಿಣಾಮ ಮತದ ಹಕ್ಕನ್ನು ಕಸಿಯುವುದಾದರೆ ಅದು ನಿಲ್ಲದು ಎಂಬುದು ಅದರ ಸಾರ. ಭಿನ್ನಮತದ ತೀರ್ಪು ಒಂದೂ ಇರಲಿಲ್ಲ. ತೀರ್ಪಿನ ಕೊನೆಗೆ ಆ ನಕಾಶೆಯನ್ನೂ ಲಗತ್ತಿಸಿದ್ದರು. ಮರುವರ್ಷ ಟಸ್ಕೀಗಿ ಮತ್ತೆ ಚೌಕವಾಯಿತು.

ಮುಂದಿನ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1964ರಲ್ಲಿ ಪುರಸಭೆಗೆ ಚುನಾವಣೆ ನಡೆದಾಗ ಕಪ್ಪು ಮತದಾರರ ಸಂಖ್ಯೆ ಸಾಕಷ್ಟು ಬೆಳೆದಿತ್ತು. ಬೇಕೆಂದರೆ ಐದು ಸ್ಥಾನಗಳಿಗೂ ಕೈಹಾಕಬಹುದಿತ್ತು. ಗೊಮಿಲಿಯನ್ ಬೇಡವೆಂದರು. ಇಷ್ಟು ದಿನ ಅವರು ನಮ್ಮನ್ನು ಹೊರಗಿಟ್ಟರು, ಈಗ ನಾವು ಅವರನ್ನು ಹೊರಗಿಟ್ಟರೆ ಊರು ನಡೆಯದು ಎಂಬುದು ಅವರ ನಿಲುವು. ಐವರಲ್ಲಿ ಇಬ್ಬರು ಕಪ್ಪು ಸದಸ್ಯರು ಆಯ್ಕೆಯಾದರು. ತರುಣರಿಗೆ ಇದು ಹಿಡಿಸಲಿಲ್ಲ. ಮುದುಕರ ಅಂಜುಬುರುಕುತನ ಎಂದು ಟೀಕಿಸಿದರು. ತರುಣರ ಅವಸರಕ್ಕೂ ಅರ್ಥವಿತ್ತು, ತೊಂಬತ್ತು ವರ್ಷ ಕಾದವರ ಮೊಮ್ಮಕ್ಕಳು ಅವರು. ಆದರೆ ಸೊಟ್ಟ ಗೆರೆಯಿಂದ ನೊಂದವನು ತನ್ನ ಕೈಗೆ ಸೀಸದಕಡ್ಡಿ ಬಂದಾಗ ಇನ್ನೊಂದು ಸೊಟ್ಟ ಗೆರೆ ಎಳೆಯದೆ ಇರುವುದು ಅಪರೂಪ. ಅಮೆರಿಕದ ಮುಂದಿನ ಕತೆ ಓದಿದರೆ ಎಷ್ಟು ಅಪರೂಪ ಎಂಬುದು ಗೊತ್ತಾಗುತ್ತದೆ.

ಟಸ್ಕೀಗಿಯಲ್ಲಿ ಜನರನ್ನು ಗೆರೆಯಿಂದಾಚೆಗೆ ನೂಕಿದ್ದರು. ಗೆರೆಯೊಳಗೇ ಇಟ್ಟುಕೊಂಡು, ಮತ ಹಾಕಲು ಬಿಟ್ಟು, ಆ ಮತ ಕೆಲಸಕ್ಕೆ ಬಾರದಂತೆ ಮಾಡುವ ವಿದ್ಯೆ ಇನ್ನೂ ಹಳೆಯದು. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರಿ ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ರಾಜ್ಯ ಸೆನೆಟ್ಟಿನ ಕ್ಷೇತ್ರಗಳನ್ನು ಕೊರೆದ ಮಸೂದೆಗೆ ಸಹಿ ಹಾಕಿದರು. ಎಸೆಕ್ಸ್ ಕೌಂಟಿಯ ಒಂದು ಕ್ಷೇತ್ರವಂತೂ ಹಲ್ಲಿಯ ಹಾಗೆ ಮೈ ಬಳುಕಿಸಿ ಮಲಗಿತ್ತು. ಮಾರ್ಚ್ 26ರ ‘ಬಾಸ್ಟನ್ ಗೆಜೆಟ್’ ಪತ್ರಿಕೆ ಅದಕ್ಕೆ ರೆಕ್ಕೆ, ಉಗುರು, ಕೋರೆಹಲ್ಲು ಬರೆದು ವ್ಯಂಗ್ಯಚಿತ್ರವಾಗಿ ಅಚ್ಚುಮಾಡಿತು. ಸ್ಯಾಲಮಾಂಡರ್ ಎಂದರೆ ಹಲ್ಲಿಯಂತೆ ಕಾಣುವ, ಕಪ್ಪೆಯ ದೂರದ ನಂಟನಾದ ಉಭಯವಾಸಿ. ಗೆರಿಯ ಹೆಸರನ್ನು ಅದಕ್ಕೆ ಅಂಟಿಸಿ ಗೆರಿಮ್ಯಾಂಡರ್ ಎಂಬ ಪದ ಹುಟ್ಟಿತು. ಈಗ ಜನ ಅದನ್ನು ಜೆರಿಮ್ಯಾಂಡರ್ ಎನ್ನುತ್ತಾರೆ. ಪಾಪ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು ಈ ಗೆರಿ. ದೇಶದ ಉಪಾಧ್ಯಕ್ಷರೂ ಆದರು. ಜಗತ್ತು ನೆನಪಿಟ್ಟುಕೊಂಡದ್ದು ಮಾತ್ರ ಹಲ್ಲಿಯನ್ನು. ಆ ವರ್ಷದ ಚುನಾವಣೆಯಲ್ಲಿ ಅವರ ಪಕ್ಷ 50,164 ಮತ ಪಡೆದು 29 ಸ್ಥಾನ ಗೆದ್ದಿತು. 51,766 ಮತ ಪಡೆದ ಎದುರು ಪಕ್ಷಕ್ಕೆ ಸಿಕ್ಕಿದ್ದು 11 ಸ್ಥಾನ.

ಕಡಿಮೆ ಮತಕ್ಕೆ ಹೆಚ್ಚು ಸ್ಥಾನ ಹೇಗೆ ಬರುತ್ತದೆ ಎಂದು ತಿಳಿಯಲು ಅಡುಗೆಮನೆಯಿಂದ 15 ಹುಣಸೆ ಬೀಜ, 10 ಅವರೆಕಾಳು ತಂದರೆ ಸಾಕು. ಇವೇ 25 ಮನೆಗಳ ಒಂದು ಊರು. ಐದೈದು ಮನೆಗಳ ಐದು ವಾರ್ಡು ಮಾಡಬೇಕು. ಪ್ರತಿ ವಾರ್ಡಿಗೂ ಮೂರು ಹುಣಸೆ ಬೀಜ, ಎರಡು ಅವರೆಕಾಳು ಹಂಚಿದರೆ ಐದೂ ವಾರ್ಡು ಹುಣಸೆಯ ಪಾಲು. ಹತ್ತು ಮನೆಯ ಅವರೆಗೆ ಶೂನ್ಯ. ಈಗ ಅದೇ ಕಾಳುಗಳನ್ನು ಬೇರೆ ರೀತಿ ಹಂಚಬೇಕು. ಒಂದು ವಾರ್ಡಿಗೆ ಐದೂ ಹುಣಸೆ ಬೀಜ. ಇನ್ನೊಂದಕ್ಕೆ ನಾಲ್ಕು ಹುಣಸೆ, ಒಂದು ಅವರೆ. ಉಳಿದ ಮೂರಕ್ಕೆ ತಲಾ ಎರಡು ಹುಣಸೆ, ಮೂರು ಅವರೆ. ಈಗ ಮೂರು ವಾರ್ಡು ಅವರೆಗೆ, ಎರಡು ಹುಣಸೆಗೆ. ಒಂದು ಕಾಳೂ ಬದಲಾಗಿಲ್ಲ, ಯಾರೂ ಕಳ್ಳವೋಟು ಹಾಕಿಲ್ಲ, ಎಣಿಕೆಯಲ್ಲಿ ಮೋಸವಿಲ್ಲ. ಎದುರಾಳಿಯ ಬೆಂಬಲಿಗರನ್ನು ಒಂದೆರಡು ಕ್ಷೇತ್ರಗಳಲ್ಲಿ ಕಿಕ್ಕಿರಿದು ತುಂಬುವುದು, ಉಳಿದ ಕಡೆ ಚೂರು ಚೂರು ಮಾಡಿ ಚೆಲ್ಲುವುದು, ಇವೆರಡೇ ಈ ವಿದ್ಯೆಯ ಪಟ್ಟುಗಳು. ಮಕ್ಕಳು ಸುಮ್ಮನೆ ಓದುವುದಕ್ಕಿಂತ ಒಮ್ಮೆ ಕಾಳು ಹಂಚಿ ನೋಡುವುದು ಮೇಲು. ಅವರೆಗೆ ನಾಲ್ಕು ವಾರ್ಡು ಗೆಲ್ಲಿಸಲು ಏಕೆ ಆಗುವುದಿಲ್ಲ ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ. ಅದರಂತೆ ಪ್ರತಿನಿಧಿ ಸಭೆಯ 435 ಸ್ಥಾನಗಳನ್ನು ರಾಜ್ಯಗಳಿಗೆ ಹಂಚುತ್ತಾರೆ. 2020ರ ಗಣತಿಯ ನಂತರ ಒಂದು ಕ್ಷೇತ್ರಕ್ಕೆ ಸರಾಸರಿ 7 ಲಕ್ಷದ 60 ಸಾವಿರ ಜನ. ರಾಜ್ಯದೊಳಗೆ ಗೆರೆ ಎಳೆಯುವ ಕೆಲಸ ಬಹುಪಾಲು ರಾಜ್ಯಗಳಲ್ಲಿ ಶಾಸನಸಭೆಯದು, ಅಂದರೆ ಅಲ್ಲಿ ಬಹುಮತವಿರುವ ಪಕ್ಷದ್ದು. ಪರೀಕ್ಷೆ ಬರೆಯುವ ಹುಡುಗನೇ ಪ್ರಶ್ನೆಪತ್ರಿಕೆಯನ್ನೂ ತಯಾರಿಸಿದಂತೆ. ಭಾರತದಲ್ಲಿ ಈ ಕೆಲಸವನ್ನು ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ಆಯೋಗಕ್ಕೆ ಒಪ್ಪಿಸುವ ಪದ್ಧತಿ. 2008ರಲ್ಲಿ ಕರ್ನಾಟಕದ ವಿಧಾನಸಭಾ ಚುನಾವಣೆ ನಡೆದದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಗುರುತಿಸಿದ ಹೊಸ ಕ್ಷೇತ್ರಗಳಲ್ಲಿ. ಆಗ ಎಷ್ಟೋ ಶಾಸಕರ ಕ್ಷೇತ್ರವೇ ನಕಾಶೆಯಿಂದ ಮಾಯವಾದದ್ದು ತಂದೆತಾಯಿಗಳಿಗೆ ನೆನಪಿರಬಹುದು. ಇಲ್ಲಿನ ತಕರಾರು ಬೇರೆ ತರಹದ್ದು. ರಾಜ್ಯ ರಾಜ್ಯಗಳ ನಡುವೆ ಸ್ಥಾನ ಎಷ್ಟೆಷ್ಟು ಎಂಬುದು. ಅದು ಇನ್ನೊಂದು ಲೇಖನಕ್ಕಾಗುವಷ್ಟಿದೆ.

ಗೆರೆ ಎಳೆಯುವುದರಿಂದ ಮಾತ್ರವೇ ಅನ್ಯಾಯ ಆಗಬೇಕೆಂದಿಲ್ಲ, ಎಳೆಯದೆ ಸುಮ್ಮನಿದ್ದರೂ ಆಗುತ್ತದೆ. ಟೆನೆಸಿ ರಾಜ್ಯದಲ್ಲಿ 1901ರ ನಂತರ ಅರವತ್ತು ವರ್ಷ ಯಾರೂ ಗೆರೆ ಮುಟ್ಟಲಿಲ್ಲ. ಜನ ಹಳ್ಳಿ ಬಿಟ್ಟು ಪಟ್ಟಣ ಸೇರಿದರು, ಸ್ಥಾನಗಳು ಹಳ್ಳಿಯಲ್ಲೇ ಉಳಿದವು. ಅಲಬಾಮದಲ್ಲಿ 6 ಲಕ್ಷಕ್ಕೂ ಹೆಚ್ಚು ಜನರಿದ್ದ ಜೆಫರ್‌ಸನ್ ಕೌಂಟಿಗೆ ರಾಜ್ಯ ಸೆನೆಟ್ಟಿನಲ್ಲಿ ಒಂದು ಸ್ಥಾನ. 15,417 ಜನರಿದ್ದ ಲೌಂಡ್ಸ್ ಕೌಂಟಿಗೂ ಒಂದೇ ಸ್ಥಾನ. ಒಬ್ಬನ ಮತಕ್ಕೆ ಇನ್ನೊಬ್ಬನ ಮತದ 41 ಪಟ್ಟು ತೂಕ! ಟೆನೆಸಿಯ ಮೊಕದ್ದಮೆಯಲ್ಲಿ, ಇಂಥ ದೂರುಗಳನ್ನು ನ್ಯಾಯಾಲಯ ವಿಚಾರಿಸಬಹುದು ಎಂಬ ತೀರ್ಪು 1962ರ ಮಾರ್ಚ್ 26ರಂದು ಬಂತು. ಬಾಸ್ಟನ್ನಿನ ವ್ಯಂಗ್ಯಚಿತ್ರ ಪ್ರಕಟವಾಗಿ ಅಂದಿಗೆ ಸರಿಯಾಗಿ 150 ವರ್ಷ. ಕಾಕತಾಳೀಯವೇ ಸರಿ, ಆದರೂ ಬರೆದಿಡಲು ಸಂತೋಷವಾಗುತ್ತದೆ. ಎರಡು ವರ್ಷ ಕಳೆದು 1964ರಲ್ಲಿ ಅಲಬಾಮದ ತೀರ್ಪು: ಕ್ಷೇತ್ರಗಳ ಜನಸಂಖ್ಯೆ ಸಮವಾಗಿರಬೇಕು, ಶಾಸಕರು ಪ್ರತಿನಿಧಿಸುವುದು ಜನರನ್ನು, ಎಕರೆಗಳನ್ನಲ್ಲ. ಅಂದಿನಿಂದ ಲೆಕ್ಕದ ಅಸಮಾನತೆ ಬಹುಮಟ್ಟಿಗೆ ಹೋಯಿತು.

ಆಕಾರದ ಚಮತ್ಕಾರ ಹೋಗಲಿಲ್ಲ. ಹುಣಸೆ ಬೀಜದ ಆಟದಲ್ಲೂ ವಾರ್ಡುಗಳೆಲ್ಲ ಸಮವೇ ಆಗಿದ್ದವಷ್ಟೆ. 1990ರ ಜನಗಣತಿಯ ನಂತರ ನಾರ್ತ್ ಕೆರೊಲಿನ ರಾಜ್ಯದಲ್ಲಿ ಹುಟ್ಟಿದ 12ನೇ ಕ್ಷೇತ್ರ ಸುಮಾರು 160 ಮೈಲಿ, ಅಂದರೆ 250 ಕಿ.ಮೀ.ಗೂ ಹೆಚ್ಚು ಉದ್ದ. ಕೆಲವೆಡೆ ಅದರ ಅಗಲ ಹೆದ್ದಾರಿಯ ಅಗಲದಷ್ಟೇ. ಕಪ್ಪು ಜನರ ಬಡಾವಣೆಗಳನ್ನು ಹೆದ್ದಾರಿಯ ದಾರದಲ್ಲಿ ಪೋಣಿಸಿದಂತಿತ್ತು. ಇಲ್ಲಿ ಉದ್ದೇಶ ಟಸ್ಕೀಗಿಗೆ ತದ್ವಿರುದ್ಧ, ಕಪ್ಪು ಜನರಿಗೆ ಒಂದು ಸ್ಥಾನ ಸಿಗಲಿ ಎಂಬುದು. 1993ರಲ್ಲಿ ಸುಪ್ರೀಂ ಕೋರ್ಟ್, ಜನಾಂಗವೊಂದನ್ನೇ ನೋಡಿ ಕೊರೆದ ಇಂಥ ವಿಚಿತ್ರ ಆಕಾರವನ್ನೂ ಪ್ರಶ್ನಿಸಬಹುದು ಎಂದಿತು. ನೊಂದವರಿಗೆ ನೆರವಾಗುವ ಗೆರೆಗೂ ಅವರನ್ನು ಹೊರದೂಡುವ ಗೆರೆಗೂ ಒಂದೇ ಅಳತೆಗೋಲೇ ಎಂಬ ವಾದ ಅಂದಿನಿಂದ ಬಗೆಹರಿಯದೆ ನಡೆದೇ ಇದೆ.

ಆಕಾರ ಎಷ್ಟು ಸೊಟ್ಟ ಎಂಬುದನ್ನು ಅಳೆಯಬಹುದೇ? ಅಳೆಯಬಹುದು, ಸೂತ್ರ ಹತ್ತನೇ ತರಗತಿಯವರಿಗೂ ಎಟುಕುವಂಥದು. ಕ್ಷೇತ್ರದ ವಿಸ್ತೀರ್ಣವನ್ನು 4π ಇಂದ ಗುಣಿಸಿ ಸುತ್ತಳತೆಯ ವರ್ಗದಿಂದ ಭಾಗಿಸಿದರಾಯಿತು. ವೃತ್ತಕ್ಕೆ ಉತ್ತರ 1. ಚೌಕಕ್ಕೆ 0.785. ಸಮಬಾಹು ತ್ರಿಭುಜಕ್ಕೆ 0.60. ಅಗಲದ ಹತ್ತರಷ್ಟು ಉದ್ದವಿರುವ ಆಯತಕ್ಕೆ 0.26. ಗೆರೆ ಹೊರಳಿದಷ್ಟೂ ಸುತ್ತಳತೆ ಬೆಳೆಯುತ್ತದೆ, ಉತ್ತರ ಸೊನ್ನೆಯತ್ತ ಇಳಿಯುತ್ತದೆ. ಡೇನಿಯಲ್ ಪೋಲ್ಸ್‌ಬಿ, ರಾಬರ್ಟ್ ಪಾಪರ್ ಎಂಬ ಕಾನೂನು ತಜ್ಞರು 1991ರಲ್ಲಿ ಇದನ್ನು ಚುನಾವಣಾ ಕ್ಷೇತ್ರಗಳಿಗೆ ಅನ್ವಯಿಸಿದ್ದರಿಂದ ಅವರ ಹೆಸರೇ ಇದಕ್ಕೆ ನಿಂತಿದೆ. ಆದರೆ ಸೂತ್ರ ಹಳೆಯದು. 1927ರಲ್ಲಿ ಕಾಕ್ಸ್ ಎಂಬ ವಿಜ್ಞಾನಿ ಇದನ್ನು ಬಳಸಿದ್ದು ಮರಳಿನ ಕಾಳುಗಳು ಎಷ್ಟು ದುಂಡಗಿವೆ ಎಂದು ಅಳೆಯಲು! ನೀರಿನಲ್ಲಿ ಉರುಳಿ ಬಂದ ಮರಳು ನುಣ್ಣಗಾಗುತ್ತದೆ. ರಾಜಕಾರಣಿಗಳ ಕೈಯಲ್ಲಿ ಉರುಳಿ ಬಂದ ಕ್ಷೇತ್ರದ ಗತಿ ಇದಕ್ಕೆ ವಿರುದ್ಧ.

ಇಷ್ಟಕ್ಕೇ ಸಮಸ್ಯೆ ಮುಗಿಯಿತೆಂದು ಯಾರಾದರೂ ಭಾವಿಸಿದರೆ ಅವರು ವಿಜ್ಞಾನದ ಒಳ್ಳೆಯ ವಿದ್ಯಾರ್ಥಿಗಳಲ್ಲ. ಕಡಲತೀರದ, ನದೀತೀರದ ಕ್ಷೇತ್ರಕ್ಕೆ ಸಹಜವಾಗಿಯೇ ಕಡಿಮೆ ಅಂಕ ಬರುತ್ತದೆ. ಅಲ್ಲಿ ಗೆರೆ ಹೊರಳಿಸಿದ್ದು ನೀರು. ಇತ್ತ ಗಣಕಯಂತ್ರದಲ್ಲಿ ಮನೆಮನೆಯ ಒಲವನ್ನು ಊಹಿಸುವ ಮಾಹಿತಿ ಇಟ್ಟುಕೊಂಡವನು ನೋಡಲು ಅಚ್ಚುಕಟ್ಟಾದ ಕ್ಷೇತ್ರಗಳಿಂದಲೂ ಮೋಸ ಮಾಡಬಲ್ಲ. ಬರಿಗಣ್ಣಿಗೆ ಕಾಣುವ ಹಲ್ಲಿ ಹೋಗಿ ಕಾಣದ ಹಲ್ಲಿ ಬಂದಿದೆ.

ಅದನ್ನು ಹಿಡಿಯಲು ಗಣಿತಜ್ಞರು ಮಾಡಿದ ಉಪಾಯ ಪ್ರಯೋಗಶಾಲೆಯಲ್ಲಿ ಮಾಡುವ ಹೋಲಿಕೆಯ ಪ್ರಯೋಗದಂಥದೇ. ಔಷಧ ಹಾಕಿದ ಗಿಡದ ಪಕ್ಕದಲ್ಲಿ ಹಾಕದ ಗಿಡವನ್ನೂ ಬೆಳೆಸುತ್ತಾರಷ್ಟೆ. ಹಾಗೆಯೇ ಪಕ್ಷದ ಲಾಭನಷ್ಟ ನೋಡದೆ, ಸಮ ಜನಸಂಖ್ಯೆ, ಅಖಂಡತೆ ಮುಂತಾದ ನಿಯಮಗಳನ್ನು ಮಾತ್ರ ಪಾಲಿಸಿ ಸಾವಿರಾರು ನಕಾಶೆಗಳನ್ನು ಗಣಕಯಂತ್ರದಿಂದ ಬರೆಯಿಸುವುದು. ಅವುಗಳಲ್ಲಿ ಸಾಮಾನ್ಯವಾಗಿ ಏನು ಫಲಿತಾಂಶ ಬರುತ್ತದೆಂದು ನೋಡಿ, ಶಾಸನಸಭೆಯ ನಕಾಶೆಯನ್ನು ಪಕ್ಕದಲ್ಲಿಡುವುದು.

ನಾರ್ತ್ ಕೆರೊಲಿನದಲ್ಲೇ ಈ ಪರೀಕ್ಷೆ ನಡೆಯಿತು. 2016ರಲ್ಲಿ ಅಲ್ಲಿನ ರಿಪಬ್ಲಿಕನ್ ಶಾಸಕರೊಬ್ಬರು ಮುಚ್ಚುಮರೆಯಿಲ್ಲದೆ, 13ರಲ್ಲಿ 10 ಸ್ಥಾನ ತಮ್ಮ ಪಕ್ಷಕ್ಕೆ ಬರುವಂತೆ ಗೆರೆ ಎಳೆಯೋಣ, 11 ಬರುವಂತೆ ಎಳೆಯುವುದು ಸಾಧ್ಯವೆಂದು ತೋರುವುದಿಲ್ಲ ಎಂದು ಸಮಿತಿಯಲ್ಲೇ ಹೇಳಿದರು. ಆ ವರ್ಷ ಸುಮಾರು ಶೇ 53 ಮತಕ್ಕೆ 10 ಸ್ಥಾನವೂ ಬಂದವು. ಒಬ್ಬ ತಜ್ಞರು 3,000 ನಕಾಶೆ ಮಾಡಿಸಿದರು. ಎಲ್ಲದರಲ್ಲೂ ಎದುರು ಪಕ್ಷಕ್ಕೆ ಇದಕ್ಕಿಂತ ಒಂದಾದರೂ ಸ್ಥಾನ ಹೆಚ್ಚು. ಇನ್ನೊಬ್ಬರ 24,518 ನಕಾಶೆಗಳಲ್ಲಿ ಶೇ 99ಕ್ಕೂ ಹೆಚ್ಚು ಇದೇ ಮಾತು ಹೇಳಿದವು. ಆಕಸ್ಮಿಕವಾಗಿ ಹೀಗಾಯಿತು ಎನ್ನುವಂತಿಲ್ಲ. ಡೆಮಾಕ್ರಟರೇನೂ ಸಾಚಾ ಅಲ್ಲ. ಮೇರಿಲ್ಯಾಂಡ್ ರಾಜ್ಯದಲ್ಲಿ ಅವರು 6ನೇ ಕ್ಷೇತ್ರವನ್ನು ಕೊರೆದು, ಇಪ್ಪತ್ತು ವರ್ಷ ಅಲ್ಲಿಂದ ಗೆದ್ದಿದ್ದ ರಿಪಬ್ಲಿಕನ್ ಸದಸ್ಯರನ್ನು 2012ರಲ್ಲಿ ಮನೆಗೆ ಕಳಿಸಿದ್ದರು.

ಎರಡೂ ಮೊಕದ್ದಮೆ ಒಟ್ಟಿಗೆ ಸುಪ್ರೀಂ ಕೋರ್ಟಿಗೆ ಬಂದವು. 2019ರ ಜೂನ್ 27ರಂದು ತೀರ್ಪು. ಇಂಥ ಗೆರೆಗಳು ಅನ್ಯಾಯವೆಂದು ಕಾಣಬಹುದು, ಆದರೆ ಪಕ್ಷಲಾಭ ಎಷ್ಟಿದ್ದರೆ ಅತಿಯಾಯಿತು ಎಂದು ಹೇಳುವ ಅಳತೆಗೋಲು ಸಂವಿಧಾನದಲ್ಲಿಲ್ಲ, ಆದ್ದರಿಂದ ಒಕ್ಕೂಟದ ನ್ಯಾಯಾಲಯಗಳು ಇದನ್ನು ವಿಚಾರಿಸಲಾರವು ಎಂದು ಐವರು ಹೇಳಿದರು. ಅಳತೆಗೋಲು ಕಣ್ಣೆದುರೇ ಇದೆಯಲ್ಲ ಎಂದು ಆ 3,000 ನಕಾಶೆಗಳನ್ನೇ ಮುಂದಿಟ್ಟು ನ್ಯಾಯಮೂರ್ತಿ ಎಲೀನಾ ಕೇಗನ್ ಭಿನ್ನಮತ ಬರೆದರು. ಅವರೊಂದಿಗೆ ಇನ್ನು ಮೂವರು. ಬಹುಮತದವರ ಅಳುಕು ಪೂರ್ತಿ ನಿರಾಧಾರವೇನಲ್ಲ. ಜ್ವರಮಾಪಕ 103 ಡಿಗ್ರಿ ತೋರಿಸಬಹುದು, ಎಷ್ಟು ಡಿಗ್ರಿಗೆ ಆಸ್ಪತ್ರೆ ಸೇರಿಸಬೇಕೆಂದು ಅದು ಹೇಳುವುದಿಲ್ಲ. ಆದರೆ ರೋಗಿ 106ರಲ್ಲಿ ನಡುಗುತ್ತಿರುವಾಗ, ಎಲ್ಲಿಂದ ಜ್ವರ ಎನ್ನಬೇಕೋ ಗೊತ್ತಾಗುತ್ತಿಲ್ಲ ಎಂದು ವೈದ್ಯರು ಬಾಗಿಲು ಹಾಕಿಕೊಂಡರೆ ಮನೆಯವರು ಏನೆಂದಾರು? ಟಸ್ಕೀಗಿಯ ಗೊಮಿಲಿಯನ್‌ಗೆ ತೆರೆದಿದ್ದ ಬಾಗಿಲು ಈ ಬಗೆಯ ದೂರಿಗೆ ಮುಚ್ಚಿತು.

ಉಳಿದದ್ದು ಜನರ ಬಾಗಿಲು. ಇದಕ್ಕೆ ಮಿಷಿಗನ್ ರಾಜ್ಯದ ಉದಾಹರಣೆ ಇದೆ. 2016ರ ನವೆಂಬರಿನಲ್ಲಿ ಕೇಟಿ ಫೇಹಿ ಎಂಬ 27 ವರ್ಷದ ಯುವತಿ, ಈ ಗೆರೆಗಳ ಮೋಸ ನಿಲ್ಲಿಸಬೇಕೆಂದಿದ್ದೇನೆ, ಯಾರಾದರೂ ಜೊತೆಗೆ ಬರುತ್ತೀರಾ ಎಂದು ಫೇಸ್‌ಬುಕ್ಕಿನಲ್ಲಿ ಎರಡು ಸಾಲು ಬರೆದರು. ಅವರು ವಕೀಲರೂ ಅಲ್ಲ, ರಾಜಕಾರಣಿಯೂ ಅಲ್ಲ. ಜನ ಬಂದರು. ಹಳ್ಳಿ ಪಟ್ಟಣಗಳಲ್ಲಿ ಸಭೆ ಸೇರಿಸಿ, ಇದೇ ಕಾಳು ಹಂಚುವಂಥ ಲೆಕ್ಕ ತೋರಿಸಿ, ಕೂಲಿ ಕೊಟ್ಟು ಯಾರನ್ನೂ ನೇಮಿಸದೆ 4 ಲಕ್ಷದ 25 ಸಾವಿರಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. 2018ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ಸುಮಾರು ಶೇ 61 ಮತದಿಂದ ಗೆದ್ದಿತು. ಅದರಂತೆ ಗೆರೆ ಎಳೆಯುವವರು 13 ಮಂದಿ ಸಾಮಾನ್ಯ ನಾಗರಿಕರು. ನಾಲ್ವರು ಒಂದು ಪಕ್ಷದ ಕಡೆಯವರು, ನಾಲ್ವರು ಇನ್ನೊಂದರವರು, ಐವರು ಯಾವ ಕಡೆಗೂ ಸೇರದವರು. ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿದಂತೆ ಆರಿಸುತ್ತಾರೆ. ಹಾಗೆಂದು ಅವರ ಕೈಯಲ್ಲೂ ಎಲ್ಲ ಸರಿಹೋಗಲಿಲ್ಲ. ಡೆಟ್ರಾಯಿಟ್ ನಗರದ ಸುತ್ತಿನ 13 ಕ್ಷೇತ್ರಗಳಲ್ಲಿ ಜನಾಂಗದ ಲೆಕ್ಕವೇ ಮೇಲಾಗಿದೆ ಎಂದು 2023ರ ಕೊನೆಯಲ್ಲಿ ನ್ಯಾಯಾಲಯ ಅವುಗಳನ್ನು ರದ್ದುಮಾಡಿತು. ಆಯೋಗ ಮತ್ತೆ ಕೂತು ಬರೆಯಿತು. ಅದರ ಸಭೆಗಳು ಜನರೆದುರೇ ನಡೆಯುವುದರಿಂದ ತಪ್ಪಾದದ್ದು ಎಲ್ಲಿ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ.

ಕ್ಯಾಲಿಫೋರ್ನಿಯದಲ್ಲಿ ಇಂಥದೇ 14 ಜನರ ನಾಗರಿಕ ಆಯೋಗ 2008ರ ಜನಮತದಿಂದಲೇ ಹುಟ್ಟಿತ್ತು. 2010ರಲ್ಲಿ ಜನ ಅದಕ್ಕೆ ಪ್ರತಿನಿಧಿ ಸಭೆಯ ಕ್ಷೇತ್ರಗಳ ಹೊಣೆಯನ್ನೂ ಕೊಟ್ಟರು. ಹದಿನೈದು ವರ್ಷ ಅದು ಮಾದರಿ ಎನಿಸಿಕೊಂಡಿತು. 2025ರಲ್ಲಿ ಟೆಕ್ಸಾಸ್ ರಾಜ್ಯದ ರಿಪಬ್ಲಿಕನ್ನರು, ಜನಗಣತಿಗೆ ಇನ್ನೂ ಐದು ವರ್ಷವಿರುವಾಗಲೇ, ಐದು ಸ್ಥಾನ ಹೆಚ್ಚಿಗೆ ಗೆಲ್ಲುವ ಲೆಕ್ಕದಲ್ಲಿ ತಮ್ಮ ನಕಾಶೆಯನ್ನು ಮತ್ತೆ ಬರೆದರು. ಅವರು ಹಾಗೆ ಮಾಡಿದರೆ ನಾವೇಕೆ ಕೈಕಟ್ಟಿ ಕೂರಬೇಕು ಎಂದು ಕ್ಯಾಲಿಫೋರ್ನಿಯದ ಡೆಮಾಕ್ರಟರು ಪ್ರತಿಯಾಗಿ ಐದು ಸ್ಥಾನದ ನಕಾಶೆ ಬರೆದು ಜನರ ಮುಂದಿಟ್ಟರು. ನವೆಂಬರ್ 4ರಂದು ಜನ ದೊಡ್ಡ ಬಹುಮತದಿಂದ ಒಪ್ಪಿಗೆ ಕೊಟ್ಟರು. ತಾವೇ ಬಯಸಿ ನೇಮಿಸಿದ ಆಯೋಗದ ನಕಾಶೆಯನ್ನು ತಾವೇ ಪಕ್ಕಕ್ಕೆ ಸರಿಸಿದರು. ಅವರಲ್ಲಿ ಬಹಳ ಮಂದಿಗೆ ಇದು ಖುಷಿಯ ಮತವಾಗಿರಲಿಲ್ಲ ಎಂದು ಊಹಿಸಬಹುದು. ಎದುರು ಮನೆಯವನು ಬೇಲಿ ಸರಿಸಿದ ರಾತ್ರಿ ತನ್ನ ಬೇಲಿಯನ್ನೂ ಸರಿಸುವ ರೈತನ ಸಂಕಟ ಹಳ್ಳಿಯಲ್ಲಿ ಬೆಳೆದವರಿಗೆ ಹೊಸದಲ್ಲ.

ಹೊಸ ನಕಾಶೆ 2026, 2028, 2030ರ ಚುನಾವಣೆಗಳಿಗೆ ಮಾತ್ರ ಎಂದು ಕ್ಯಾಲಿಫೋರ್ನಿಯದ ಕಾನೂನಿನಲ್ಲಿ ಬರೆದಿದೆ. 2030ರ ಜನಗಣತಿಯಾದ ಮೇಲೆ ಸೀಸದಕಡ್ಡಿ ಮತ್ತೆ ಆ 14 ನಾಗರಿಕರ ಕೈಗೆ ಹೋಗಬೇಕು. ಟೆಕ್ಸಾಸಿನ ಕಾನೂನಿನಲ್ಲಿ ಅಂಥ ಆಯೋಗವಿಲ್ಲ.